ಗೇಜ್ ಬದಲಿಸುವ ಮುನ್ನ ಹರಿವು ಅಳೆಯಿರಿ

ಬೆಂಕಿ ನಂದಿಸುವ ನೀರಿನ ಹೈಡ್ರಂಟ್ ಮುಚ್ಚಿದ್ದಾಗ 7 ಬಾರ್ (ಒತ್ತಡದ ಅಳತೆ) ತೋರಿಸುವ ಗೇಜ್, ನಾಜಲ್ ತೆರೆದೊಡನೆ 3ಕ್ಕೆ ಇಳಿಯುತ್ತದೆ, ಗೇಜ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಗೇಜಿನ ಮೇಲೆ ನನಗೆ ಅನುಮಾನವಿಲ್ಲ. ನಿಂತ ನೀರಿನ ಒತ್ತಡ ಬೇರೆ, ಹರಿಯುವಾಗ ಉಳಿಯುವ ಒತ್ತಡ ಬೇರೆ. ನೀರು ಹರಿಯತೊಡಗಿದ ಮೇಲೆ ಕೊಳವೆಯ ಘರ್ಷಣೆ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಹರಿವು ಇಮ್ಮಡಿಯಾದರೆ ಆ ನಷ್ಟ ಸುಮಾರು ನಾಲ್ಕು ಪಟ್ಟಾಗುತ್ತದೆ. ಮುಚ್ಚಿದ ವಾಲ್ವಿನ 7 ಬಾರ್ ನೋಡಿ ಸಮಾಧಾನಪಡುವವರೇ ಹೆಚ್ಚು, ಅದೇ ನನಗೆ ಬೇಸರ.

ನಿಮ್ಮದು ನೇರ ಧಾರೆಯ ನಾಜಲ್ ಆದ್ದರಿಂದ ಪಿಟೋ ಗೇಜ್, ಅಂದರೆ ಧಾರೆಗೆ ಮೂತಿ ಒಡ್ಡಿ ಅದರ ಒತ್ತಡ ಅಳೆಯುವ ಸಾಧನ, ಸಾಕು. ಅದರ ಮೂತಿಯನ್ನು ಧಾರೆಯ ನಟ್ಟನಡುವೆ, ನಾಜಲ್ ಬಾಯಿಯಿಂದ ಅದರ ವ್ಯಾಸದ ಅರ್ಧದಷ್ಟು ದೂರದಲ್ಲಿ ಹಿಡಿಯಿರಿ. ನಾಜಲ್ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು ವರ್ಗ ಮಾಡಿ, ಪಿಟೋ ತೋರಿಸಿದ ಬಾರ್‌ನ ವರ್ಗಮೂಲದಿಂದ ಗುಣಿಸಿ, ಮತ್ತೆ 0.666ರಿಂದ ಗುಣಿಸಿ. ನಯವಾದ ನಾಜಲ್‌ಗೆ ಕೊನೆಯಲ್ಲಿ 0.97 ಗುಣಾಂಕದಿಂದಲೂ ಗುಣಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ. 20 ಮಿ.ಮೀ. ನಾಜಲ್, ಪಿಟೋದಲ್ಲಿ 3 ಬಾರ್ ಇದ್ದರೆ ಸುಮಾರು 450 ಲೀಟರ್. ವ್ಯಾಸವನ್ನು ಕಣ್ಣಂದಾಜಿನಲ್ಲಿ ಬರೆಯಬೇಡಿ. ಈ ಗಾತ್ರದಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಉತ್ತರ ಶೇ. 10ರಷ್ಟು ಹಾರುತ್ತದೆ. ತುಂತುರು ನಾಜಲ್‌ಗೆ ಈ ಲೆಕ್ಕ ನಡೆಯದು, ಹೋಸ್ ಸಾಲಿನಲ್ಲೇ ಹರಿವು ಅಳೆಯುವ ಫ್ಲೋ ಮೀಟರ್ ಕೂರಿಸಬೇಕು.

ಹರಿವು ನಿರೀಕ್ಷೆಗಿಂತ ಕಡಿಮೆ ಬಂದರೆ ಮೊದಲು ಅರ್ಧ ತೆರೆದ ವಾಲ್ವ್, ಕಸ ಕಟ್ಟಿದ ಸ್ಟ್ರೈನರ್ (ಸೋಸುವ ಜಾಲರಿ), ಮಡಚಿಕೊಂಡ ಹೋಸ್ ಹುಡುಕಿ. ಪಂಪಿನ ಸರದಿ ಆಮೇಲೆ.