ಭತ್ಯೆ ಪಡೆಯುತ್ತಿರುವ ಅಂಗವಿಕಲ ಮಗಳಿಗೆ ಉಯಿಲಿನಲ್ಲಿ ನೇರವಾಗಿ ಹಣ ಬರೆಯಬಹುದೇ?

ಬ್ರಿಟನ್ನಿನಲ್ಲಿ ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಭತ್ಯೆ) ಪಡೆಯುತ್ತಿರುವ ಮಗಳ ಹೆಸರಿಗೆ ಹಣ ಬರೆದಿಡುವ ಬಗ್ಗೆ ತಾವು ಕೇಳಿದ್ದೀರಿ. ದಯವಿಟ್ಟು ನೇರವಾಗಿ ಬರೆಯಬೇಡಿ. ಆಕೆಯ ಉಳಿತಾಯ 6,000 ಪೌಂಡ್ ದಾಟಿದೊಡನೆ ಭತ್ಯೆ ಇಳಿಯತೊಡಗುತ್ತದೆ, 16,000 ದಾಟಿದರೆ ಪೂರ್ತಿ ನಿಲ್ಲುತ್ತದೆ. ಆದರೆ ಅಂಗವೈಕಲ್ಯದ ಹೆಚ್ಚುವರಿ ಖರ್ಚಿಗೆಂದು ಕೊಡುವ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್‌ಗೆ ಈ ಮಿತಿಯಿಲ್ಲ. ಬಂದ ಹಣವನ್ನು ಆಕೆ ಬೇರೆಯವರಿಗೆ ಕೊಟ್ಟುಬಿಟ್ಟರೂ, ಭತ್ಯೆಗಾಗಿಯೇ ಹಾಗೆ ಮಾಡಿದ್ದೆಂದು ಪರಿಗಣಿಸಿ, ಅದು ಇನ್ನೂ ಆಕೆಯ ಬಳಿಯೇ ಇದೆಯೆಂದು ಲೆಕ್ಕ ಹಿಡಿಯಬಹುದು.

ಉಯಿಲಿನಲ್ಲಿಯೇ ವಿವೇಚನಾಧಿಕಾರದ ಟ್ರಸ್ಟ್ ಒಂದನ್ನು ರಚಿಸುವುದು ಸರಿಯಾದ ದಾರಿ. ಯಾವಾಗ, ಎಷ್ಟು, ಯಾವುದಕ್ಕೆ ಕೊಡಬೇಕೆಂಬುದನ್ನು ಟ್ರಸ್ಟಿಗಳೇ ತೀರ್ಮಾನಿಸುವುದರಿಂದ, ಟ್ರಸ್ಟಿನಲ್ಲಿ ಉಳಿದಿರುವ ಹಣ ಮಗಳ ಸ್ವಂತ ಬಂಡವಾಳವೆಂದು ಎಣಿಕೆಯಾಗುವುದಿಲ್ಲ. ಹಾಗಾಗಿ ಟ್ರಸ್ಟಿಗಳ ಆಯ್ಕೆಗೆ ಸಾಕಷ್ಟು ಸಮಯ ಕೊಡಿ: ಆಕೆಯ ದಿನಚರಿ, ಇಷ್ಟಾನಿಷ್ಟ, ಭಯಗಳನ್ನು ಬಲ್ಲವರೊಬ್ಬರು, ಲೆಕ್ಕಪತ್ರ ಬಲ್ಲವರೊಬ್ಬರು ಇರಲಿ. ನಿಮ್ಮ ಆಶಯಗಳನ್ನು ತಿಳಿಸುವ ಪತ್ರವನ್ನೂ ಬರೆದಿಡಿ. ಅದು ಕಾನೂನಿನ ಕಟ್ಟಲ್ಲದಿದ್ದರೂ ಅವರಿಗೆ ದಾರಿ ತೋರಿಸುತ್ತದೆ.

ಮಗನಿದ್ದರೆ, ಎಲ್ಲವನ್ನೂ ಅವನಿಗೆ ಬರೆದು ‘ತಂಗಿಯನ್ನು ನೋಡಿಕೋ’ ಎನ್ನುವುದು ಪ್ರೀತಿಯ ಮಾತೇ ಸರಿ, ಆದರೆ ಅವನ ವಿಚ್ಛೇದನ, ದಿವಾಳಿ ಅಥವಾ ಸಾವು ಆ ಹಣವನ್ನು ಬೇರೆಡೆಗೆ ಒಯ್ಯಬಹುದು. ಅಜ್ಜ ಅಜ್ಜಿಯರ ಉಯಿಲನ್ನೂ ಒಮ್ಮೆ ವಿಚಾರಿಸಿ, ಅವರು ಮೊಮ್ಮಗಳಿಗೆ ಕೊಡುವುದೂ ಇದೇ ಟ್ರಸ್ಟಿಗೆ ಸೇರುವಂತೆ ಬರೆಸಿ.