ಓದುಗರ ಪ್ರಶ್ನೆ: ‘ಟ್ರಾನ್ಸ್‌ಶಿಪ್’ ಮಾಡುವುದೆಂದರೆ ಏನು?

ಪ್ರಶ್ನೆ: ನಾನು ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಗುಮಾಸ್ತ. ರಫ್ತಿನ ಕಾಗದಗಳಲ್ಲಿ ಸರಕನ್ನು ಕೊಲಂಬೊದಲ್ಲಿ ‘ಟ್ರಾನ್ಸ್‌ಶಿಪ್’ ಮಾಡಲಾಗುವುದು ಎಂದಿರುತ್ತದೆ. ಬೆಳೆಗಾರರಿಗೆ ಕನ್ನಡದಲ್ಲಿ ಪತ್ರ ಬರೆಯುವಾಗ ‘ಸಾಗಿಸಲಾಗುವುದು’ ಎಂದು ಬರೆದೆ. ಮೇಲಿನವರು ತಪ್ಪೆಂದರು, ಸರಿ ಯಾವುದೆಂದು ಹೇಳಲಿಲ್ಲ. ತೋಟದಿಂದ ಜೀಪಿನಲ್ಲಿ ತಂದ ಚೀಲಗಳನ್ನು ರಸ್ತೆಬದಿಯಲ್ಲಿ ಲಾರಿಗೆ ಹಾಕುವುದಕ್ಕೂ ಈ ಮಾತು ಸಲ್ಲುತ್ತದೆಯೇ?
– ಓದುಗರೊಬ್ಬರು, ಕುಶಾಲನಗರ

ಉತ್ತರ: ‘ಸಾಗಿಸು’ ಎಂಬುದು ತಪ್ಪಲ್ಲ, ಸಾಲದು. ಮಂಗಳೂರಿನಲ್ಲಿ ಫೀಡರ್ ಹಡಗಿಗೆ, ಅಂದರೆ ದೊಡ್ಡ ಬಂದರಿಗೆ ಸರಕು ಮುಟ್ಟಿಸುವ ಸಣ್ಣ ಹಡಗಿಗೆ, ಏರಿದ ಕಂಟೇನರನ್ನು ಕೊಲಂಬೊದಲ್ಲಿ ಇಳಿಸಿ, ಯುರೋಪಿಗೆ ಹೋಗುವ ದೊಡ್ಡ ಹಡಗಿಗೆ ಏರಿಸುತ್ತಾರಲ್ಲ, ಆ ಇಳಿಸಿ ಏರಿಸುವ ಕೆಲಸವೊಂದಕ್ಕೇ ಈ ಕ್ರಿಯಾಪದ ಮೀಸಲು. ವಾಹನ ಬದಲಾಗಬೇಕು, ಆದರೆ ಪಯಣ ಬದಲಾಗಬಾರದು; ಅಂದರೆ ಸರಕು ಎಲ್ಲಿಂದ ಹೊರಟಿತು, ಎಲ್ಲಿಗೆ ತಲುಪಬೇಕು ಎಂದು ಕಾಗದದಲ್ಲಿ ಬರೆದ ಎರಡು ತುದಿಗಳು ಹಾಗೆಯೇ ಉಳಿದು, ನಡುವೆ ಹೊರುವ ವಾಹನ ಮಾತ್ರ ಬೇರೆಯಾಗಬೇಕು.

ಈ ವ್ಯತ್ಯಾಸವನ್ನು ನಮ್ಮ ಕಾನೂನೇ ಚೆನ್ನಾಗಿ ಬಿಡಿಸಿ ತೋರಿಸುತ್ತದೆ. 1962ರ ಕಸ್ಟಮ್ಸ್ ಕಾಯ್ದೆಯ 53ನೆಯ ಕಲಮು ‘ಟ್ರಾನ್ಸಿಟ್’ ಕುರಿತದ್ದು: ಬಂದ ವಾಹನದಲ್ಲಿಯೇ ಇಳಿಯದೆ ಮುಂದಕ್ಕೆ ಹೋಗುವ ಸರಕು. 54ನೆಯದು ‘ಟ್ರಾನ್ಸ್‌ಶಿಪ್‌ಮೆಂಟ್’ ಕುರಿತದ್ದು: ಇಳಿದು ಬೇರೊಂದಕ್ಕೆ ಏರುವ ಸರಕು. ಮಡಿಕೇರಿಯಿಂದ ಬೆಂಗಳೂರಿಗೆ ಹೋಗುವವರು ಮೈಸೂರಿನ ನಿಲ್ದಾಣದಲ್ಲಿ ಬಸ್ಸಿನೊಳಗೇ ಕುಳಿತಿದ್ದರೆ ಮೊದಲನೆಯದು, ಇಳಿದು ಬೇರೆ ಬಸ್ಸು ಹತ್ತಿದರೆ ಎರಡನೆಯದು ಎಂದುಕೊಂಡರೆ ಮರೆಯುವುದಿಲ್ಲ. (ಇಂಗ್ಲಿಷಿನಲ್ಲಿ ಈ ಪದಕ್ಕೆ ಒಂದು ‘ಎಸ್’ ಸಾಕೋ ಎರಡು ಬೇಕೋ ಎಂದು ಕೇಳುವವರುಂಟು. ಎರಡೂ ರೂಢಿಯಲ್ಲಿವೆ; ನಮ್ಮ ಕಾಯ್ದೆ ಒಂದರಲ್ಲೇ ತೃಪ್ತವಾಗಿದೆ.)

ಹೆಸರಿನಲ್ಲಿ ಹಡಗು ಇದ್ದರೂ ಇದು ಕಡಲಿಗೆ ಮಾತ್ರ ಸೇರಿದ್ದಲ್ಲ. ಮೈಸೂರು–ಬೆಂಗಳೂರು ರೈಲುಮಾರ್ಗ ಮೀಟರ್ ಗೇಜಿನಲ್ಲಿದ್ದ ಕಾಲದಲ್ಲಿ, ಅಂದರೆ ಹಳಿಗಳ ನಡುವೆ 1,000 ಮಿಲಿಮೀಟರ್ ಇದ್ದಾಗ, ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ 1,676 ಮಿಲಿಮೀಟರಿನ ಬ್ರಾಡ್ ಗೇಜ್ ಇತ್ತು. ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡದು. ಆದ್ದರಿಂದ ಮೂಟೆ ಮೂಟೆಯನ್ನೂ ಹಮಾಲರು ಒಂದರಿಂದ ಇನ್ನೊಂದಕ್ಕೆ ಹೊರಬೇಕಿತ್ತು, ಆ ಅಂಗಳಕ್ಕೆ ರೈಲ್ವೆಯವರು ಟ್ರಾನ್ಸ್‌ಶಿಪ್‌ಮೆಂಟ್ ಯಾರ್ಡ್ ಎಂದೇ ಹೆಸರಿಟ್ಟಿದ್ದರು. 1992ರಲ್ಲಿ ಆರಂಭವಾದ ಏಕರೂಪ ಗೇಜಿನ ಯೋಜನೆ ಮುಂದುವರಿದಂತೆ ಅಂಥ ಅಂಗಳಗಳು ಕಡಿಮೆಯಾದವು, ಪದವೂ ರೈಲಿನವರ ಬಾಯಲ್ಲಿ ಅಪರೂಪವಾಯಿತು. ಈಗ ಅದು ಅಲ್ಲಿ ಕೇಳಿಬರುವುದು ಹೆಚ್ಚಾಗಿ ಘಾಟಿಯಲ್ಲಿ ಗುಡ್ಡ ಕುಸಿದು ಹಳಿ ಮುಚ್ಚಿ, ಪ್ರಯಾಣಿಕರನ್ನು ಬಸ್ಸಿನಲ್ಲಿ ದಾಟಿಸಿ ಆಚೆಯ ರೈಲಿಗೆ ಹತ್ತಿಸಿದಾಗ. ರೈಲೇ ಇಲ್ಲದ ಕೊಡಗಿನವರಿಗೆ ಈ ಪದ ಬಂದರಿನ ದಾರಿಯಿಂದ ಬಂದುದು ಸಹಜವೇ.

ಇನ್ನು ನಿಮ್ಮ ಜೀಪಿನ ಮಾತು. ನೋಡುವ ಕಣ್ಣಿಗೆ ಕೆಲಸ ಒಂದೇ, ಚೀಲ ಇಳಿಯಿತು, ಚೀಲ ಏರಿತು. ಆದರೆ ತೋಟದಿಂದ ರಸ್ತೆಗೆ ನೀವೇ ತಂದ ಚೆರ್ರಿಗೆ (ಒಣಗಿಸಿದ ಕಾಫಿ ಹಣ್ಣಿಗೆ) ಇನ್ನೂ ಸಾಗಣೆಯ ಕಾಗದ ಹುಟ್ಟಿಲ್ಲ. ಪಯಣ ಲಾರಿಯಿಂದ ಆರಂಭವಾಗುತ್ತದೆ. ಅದು ಬರಿಯ ಹೇರುವಿಕೆ. ಅದೇ ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬಿದ್ದು, ಮಂಗಳೂರಿಗೆಂದು ಬಿಲ್ಲಾಗಿ ಹೊರಟ ಸರಕನ್ನು ನಡುದಾರಿಯಲ್ಲಿ ಎರಡು ಸಣ್ಣ ಲಾರಿಗಳಿಗೆ ಹಂಚಿದರೆ ಅದು ನಿಜವಾದ ಟ್ರಾನ್ಸ್‌ಶಿಪ್.

ಕನ್ನಡದಲ್ಲಿ ಏನೆನ್ನಬೇಕು? ‘ಮರುಹೇರು’ ಎಂದು ಸೂಚಿಸಬಹುದು, ನನಗೆ ಒಪ್ಪಿಗೆಯಿಲ್ಲ: ಟೈರು ಸಿಡಿದ ಲಾರಿಯಿಂದ ಚೀಲ ಇಳಿಸಿ, ಅದೇ ಲಾರಿಗೆ ಮತ್ತೆ ತುಂಬಿದರೂ ಮರುಹೇರಿದಂತೆಯೇ. ಹಳಗನ್ನಡದ ‘ಪೇಱು’ ಇಂದಿನ ‘ಹೇರು’ ಆಗಿ, ಹೊರಿಸುವ ಕೆಲಸಕ್ಕೂ ಎತ್ತಿನ ಬೆನ್ನಿನ ಹೊರೆಗೂ ಸಲ್ಲುತ್ತಿತ್ತು. ಈಚೆಗೆ ತೆರಿಗೆ ಹೇರುವುದಕ್ಕೂ ನಿರ್ಬಂಧ ಹೇರುವುದಕ್ಕೂ ಅದನ್ನೇ ಬಳಸಿ ಬಳಸಿ, ಕಚೇರಿಯ ಪತ್ರದಲ್ಲಿ ಕಂಡರೆ ಬೆಳೆಗಾರರು ಬೆಚ್ಚುವಂತಾಗಿದೆ. ಆದರೂ ‘ಹೇರು ಬದಲಿಸು’ ಎಂಬುದೇ ನನಗೆ ಸರಿಕಾಣುತ್ತದೆ. ‘ನಿಮ್ಮ ಕಾಫಿಯ ಹೇರನ್ನು ಕೊಲಂಬೊದಲ್ಲಿ ಬೇರೆ ಹಡಗಿಗೆ ಬದಲಿಸಲಾಗುವುದು’ ಎಂದು ಬರೆಯಿರಿ. ಇಂಗ್ಲಿಷ್ ಪದವನ್ನೇ ಉಳಿಸಿಕೊಳ್ಳುವುದಾದರೆ ಒಂದು ಎಚ್ಚರಿಕೆ: ಟ್ರಾನ್ಸ್‌ಶಿಪ್ ಆಗುವುದು ಸರಕು, ಹಡಗಲ್ಲ. ‘ಹಡಗನ್ನು ಟ್ರಾನ್ಸ್‌ಶಿಪ್ ಮಾಡಲಾಯಿತು’ ಎಂಬ ವಾಕ್ಯ ಎತ್ತನ್ನೇ ಚೀಲದ ಮೇಲೆ ಹೊರಿಸಿದಂತೆ.

ಪ್ರಶ್ನೆ: ವಿದೇಶಿ ಖರೀದಿದಾರರ ಬ್ಯಾಂಕಿನಿಂದ ಬಂದ ಲೆಟರ್ ಆಫ್ ಕ್ರೆಡಿಟ್‌ನಲ್ಲಿ (ಷರತ್ತಿನಂತೆ ಕಾಗದ ಒಪ್ಪಿಸಿದರೆ ಹಣ ಕೊಡುವುದಾಗಿ ಬ್ಯಾಂಕು ಬರೆದುಕೊಡುವ ಪತ್ರದಲ್ಲಿ) ‘ಟ್ರಾನ್ಸ್‌ಶಿಪ್‌ಮೆಂಟ್ ನಿಷಿದ್ಧ’ ಎಂದಿದೆ. ಮಂಗಳೂರಿನಿಂದ ನೇರ ಹಡಗು ಸಿಗುತ್ತಿಲ್ಲ. ಹಣ ನಿಲ್ಲುತ್ತದೆಯೇ?
– ಬೆಳೆಗಾರರೊಬ್ಬರು, ಪಾಲಿಬೆಟ್ಟ

ಉತ್ತರ: ಪದದ ಅಂಕಣಕ್ಕೆ ಹಣದ ಪ್ರಶ್ನೆ ಬಂದಿದೆ, ಆದರೂ ಉತ್ತರ ಪದದ ವ್ಯಾಖ್ಯೆಯಲ್ಲೇ ಇದೆ. ಬ್ಯಾಂಕುಗಳು ಅನುಸರಿಸುವ, 2007ರ ಜುಲೈಯಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಯುಸಿಪಿ 600 ನಿಯಮಾವಳಿಯ 20ನೆಯ ವಿಧಿಯು, ಹಡಗಿನಿಂದ ಇಳಿಸಿ ಬೇರೆ ಹಡಗಿಗೆ ಏರಿಸುವುದನ್ನು ಟ್ರಾನ್ಸ್‌ಶಿಪ್‌ಮೆಂಟ್ ಎಂದು ಹೇಳಿ, ಕೂಡಲೇ ಒಂದು ಕಿಂಡಿಯನ್ನೂ ಇಟ್ಟಿದೆ: ಸರಕು ಕಂಟೇನರಿನಲ್ಲಿ ಹೋಗಿದೆಯೆಂದು ಬಿಲ್ ಆಫ್ ಲೇಡಿಂಗ್ (ಸರಕು ಪಡೆದುದಕ್ಕೆ ಹಡಗಿನವರು ಕೊಡುವ ಸಾಗಣೆಯ ಕಾಗದ) ತೋರಿಸಿದರೆ, ನಿಷಿದ್ಧವೆಂದು ಬರೆದಿದ್ದರೂ ಹಡಗು ಬದಲಾವಣೆಯನ್ನು ಸೂಚಿಸುವ ಬಿಲ್ಲು ಒಪ್ಪತಕ್ಕದ್ದು. ಆದರೆ ಹೊರಟ ಬಂದರಿನಿಂದ ತಲುಪುವ ಬಂದರಿನವರೆಗಿನ ಪಯಣವಿಡೀ ಒಂದೇ ಬಿಲ್ಲಿನಲ್ಲಿ ಅಡಕವಾಗಿರಬೇಕು. 60 ಕಿಲೋದ 320 ಚೀಲಗಳನ್ನು 20 ಅಡಿಯ ಕಂಟೇನರಿಗೆ ತುಂಬಿ ಕಳಿಸುವ ನಿಮ್ಮಂಥವರಿಗೆ ಆ ಒಂದು ಮಾತು ದೊಡ್ಡ ಆಸರೆ. ಈ ಕಿಂಡಿಯನ್ನೇ ಮುಚ್ಚಿ, ಸಂಬಂಧಿತ ಉಪವಿಧಿ ಅನ್ವಯಿಸದು ಎಂದು ಖರೀದಿದಾರರು ಬರೆಸಿದ್ದರೆ ಮಾತು ಬೇರೆ. ಆಗ ಸರಕು ಹೊರಡುವ ಮುನ್ನವೇ ತಿದ್ದುಪಡಿ ಕೇಳಿ. ಪತ್ರವನ್ನು ನಿಮ್ಮ ಬ್ಯಾಂಕಿನವರ ಮುಂದಿಟ್ಟು ಆ ಸಾಲು ಇದೆಯೇ ಎಂದು ಮೊದಲು ನೋಡಿಸಿಕೊಳ್ಳಿ.