ಬಾಟಲಿಯ ಮೇಲಿನ ಅಂಕಿ, ಲೋಟದೊಳಗಿನ ಘಮ

ಪ್ರಶ್ನೆ: ಪರದೇಶದಲ್ಲಿರುವ ನಮ್ಮ ಅಳಿಯಂದಿರು ಜಮೈಕಾದ ರಮ್ ತಂದುಕೊಟ್ಟಿದ್ದಾರೆ, ಬಾಟಲಿಯ ಮೇಲೆ 12 ವರ್ಷ ಎಂದಿದೆ. ಇದುವರೆಗೆ ನಾನು ರಮ್ಮಿಗೆ ಕೋಲಾ ಬೆರೆಸಿ ಕುಡಿದವನೇ ಹೊರತು ರುಚಿ ನೋಡಿದವನಲ್ಲ. ಇದರ ಗುಣ ಅಳೆಯುವುದು ಹೇಗೆ? ಮನೆಯ ಬಿದರಿ ಬಟ್ಟಲಿನಲ್ಲಿ ಕುಡಿಯಬಹುದೇ?
– ಓದುಗರೊಬ್ಬರು, ಬೀದರ

ಉತ್ತರ: ಬಟ್ಟಲಿನ ಮಾತನ್ನು ಮೊದಲು ಮುಗಿಸಿಬಿಡೋಣ. ಬಿದರಿ ಎಂದರೆ ಬಹುಪಾಲು ಸತುವು, ಜೊತೆಗೆ ಸ್ವಲ್ಪ ತಾಮ್ರ. ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಆ ಬಟ್ಟಲು ಎಷ್ಟೇ ಚೆಂದವಿದ್ದರೂ ಅದರಲ್ಲಿ ಬಣ್ಣ ಕಾಣುವುದಿಲ್ಲ, ಲೋಹದ ವಾಸನೆ ಅಡ್ಡ ಬರುತ್ತದೆ, ಮೇಲಾಗಿ ಸತುವಿನ ಪಾತ್ರೆ ಕುಡಿಯುವುದಕ್ಕೆ ತಕ್ಕದ್ದಲ್ಲ. ಹೊಟ್ಟೆ ಅಗಲವಾಗಿ ಬಾಯಿ ಕಿರಿದಾಗಿರುವ ಗಾಜಿನ ಲೋಟ ತೆಗೆದುಕೊಳ್ಳಿ. ಬೇಸಿಗೆಯ ಮಧ್ಯಾಹ್ನದಲ್ಲಿ ಲೋಟದಿಂದ ಮೊದಲು ಏಳುವುದು ಮದ್ಯದ ಘಾಟು ಮಾತ್ರ. ಆದ್ದರಿಂದ ಬಾಟಲಿಯನ್ನು ತುಸುಹೊತ್ತು ತಣ್ಣೀರಿನಲ್ಲಿಟ್ಟು, ಸಂಜೆ ತಂಪಾದ ಮೇಲೆ ರುಚಿ ನೋಡಲು ಕುಳಿತುಕೊಳ್ಳಿ.

ಜಮೈಕಾದ ನಿಯಮದಂತೆ 12 ಎಂದರೆ ಮಿಶ್ರಣದಲ್ಲಿರುವ ಅತ್ಯಂತ ಎಳೆಯ ರಮ್ ಕೂಡ ಅಷ್ಟು ವರ್ಷ ಪೀಪಾಯಿಯಲ್ಲಿತ್ತು ಎಂದರ್ಥ. ಸ್ಪ್ಯಾನಿಷ್ ಪದ್ಧತಿಯ ಕೆಲವು ಬಾಟಲಿಗಳ ಮೇಲಿನ ಅಂಕಿ ಮಿಶ್ರಣದ ಅತಿ ಹಳೆಯ ಭಾಗದ್ದಾಗಿರಬಹುದು, ಅಲ್ಲಿ ಮೋಸಹೋಗಬಾರದು. ಸ್ಕಾಟ್‌ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾದರೆ ಕೆರಿಬಿಯನ್ ಸೆಕೆಯಲ್ಲಿ ಅದು ಶೇ 6ರಷ್ಟಾಗುತ್ತದೆ. ಆ ಲೆಕ್ಕದಲ್ಲಿ 12 ವರ್ಷಕ್ಕೆ ತುಂಬಿದ್ದರ ಅರ್ಧಕ್ಕಿಂತ ಹೆಚ್ಚು ಹಾರಿಹೋಗಿರುತ್ತದೆ. ಬೆಲೆ ಏರುವುದಕ್ಕೆ ಇದೂ ಒಂದು ಕಾರಣ. ಬಣ್ಣವನ್ನು ಮಾತ್ರ ಸಾಕ್ಷಿಯೆಂದು ಎಣಿಸಬೇಡಿ, ಸುಟ್ಟ ಸಕ್ಕರೆಯ ಬಣ್ಣ ಬೆರೆಸುವುದು ಸಾಮಾನ್ಯ.

ಹದಿನೈದು ಮಿಲಿಲೀಟರ್ ಸುರಿದು ಹತ್ತು ನಿಮಿಷ ಸುಮ್ಮನೆ ಬಿಡಿ. ಮೂಗನ್ನು ಲೋಟದೊಳಕ್ಕೆ ಇಳಿಸದೆ, ಅಂಚಿನ ಹತ್ತಿರ ಬಾಯಿ ತುಸು ತೆರೆದು ಮೂಸಿರಿ. ಜಮೈಕಾದಲ್ಲಿ ಕಾಕಂಬಿಯನ್ನು ದೀರ್ಘಕಾಲ ಹುದುಗಿಸುವುದರಿಂದ ಅತಿಯಾಗಿ ಕಳಿತ ಬಾಳೆ, ಅನಾನಸ್ ಹಣ್ಣಿನ ಘಮ ಬರುತ್ತದೆ. ಕಬ್ಬಿನ ಗಾಣದ ಬಳಿ ಬೆಳೆದವರಿಗೆ ಅದರ ಹಿಂದಿರುವ ಹುಳಿ ತಕ್ಷಣ ತಿಳಿಯುತ್ತದೆ. ಪೀಪಾಯಿಯ ಓಕ್ ಮರ ವೆನಿಲ್ಲಾ, ಲವಂಗ, ಸ್ವಲ್ಪ ಒಗರು ಕೊಡುತ್ತದೆ. ಒಗರು ಅಡಿಕೆ ಜಗಿದಂತೆ ನಾಲಿಗೆಯನ್ನು ಹಿಡಿದುಕೊಂಡರೆ ಮರದಲ್ಲಿ ಅತಿಯಾಗಿ ಕಾಲ ಕಳೆದಿದೆ ಎಂದೇ ನನ್ನ ತೀರ್ಪು, ಅಂಕಿ ಎಷ್ಟೇ ದೊಡ್ಡದಿರಲಿ. ಒಂದು ಗುಟುಕು ಹಾಗೆಯೇ ನೋಡಿ. ಆಮೇಲೆ ಕೆಲವು ಹನಿ ನೀರು ಹಾಕಿ ಮತ್ತೆ ನೋಡಿದರೆ ಮುಚ್ಚಿದ್ದ ಘಮ ತೆರೆದುಕೊಳ್ಳಬಹುದು.

ಸಿಹಿಯ ಬಗ್ಗೆ ಎಚ್ಚರವಿರಲಿ. ಬಟ್ಟಿ ಇಳಿಸಿದ ಮದ್ಯದಲ್ಲಿ ಸಕ್ಕರೆ ಇರುವುದಿಲ್ಲ, ಇದ್ದರೆ ನಂತರ ಬೆರೆಸಿದ್ದು. ಯುರೋಪಿನ ಒಕ್ಕೂಟದ ನಿಯಮವೇ ಲೀಟರಿಗೆ 20 ಗ್ರಾಂವರೆಗೆ ಅವಕಾಶ ಕೊಟ್ಟಿದೆ. ಒಂದು ಚಮಚ ರಮ್ಮನ್ನು ಸ್ಟೀಲ್ ತಟ್ಟೆಗೆ ಹಾಕಿ ರಾತ್ರಿಯಿಡೀ ಬಿಡಿ: ಬೆಳಿಗ್ಗೆ ಬೆರಳಿಗೆ ಪಾಕದಂತೆ ಅಂಟಿದರೆ ಉತ್ತರ ಸಿಕ್ಕಿತು. ಅಂದೇ ಬೆಳಿಗ್ಗೆ ತೊಳೆಯದ ಲೋಟವನ್ನೂ ಮೂಸಿ ನೋಡಿ. ಒಣಗಿದ ಗಾಜಿನಲ್ಲೂ ಮರ, ಬೆಲ್ಲದ ಘಮ ಉಳಿದಿದ್ದರೆ ನಿಮ್ಮ ಅಳಿಯಂದಿರ ಆಯ್ಕೆಗೆ ನನ್ನ ಒಪ್ಪಿಗೆಯಿದೆ.

ಪ್ರಶ್ನೆ: ಅರ್ಧ ಖಾಲಿಯಾದ ಬಾಟಲಿಯನ್ನು ಇನ್ನೂ ಐದು ವರ್ಷ ಇಟ್ಟರೆ ರಮ್ ಮಾಗುವುದೇ?
– ಓದುಗರೊಬ್ಬರು, ಯಾದಗಿರಿ

ಉತ್ತರ: ಇಲ್ಲ. ಮಾಗುವುದು ಮರದಲ್ಲಿ, ಗಾಜಿನಲ್ಲಲ್ಲ. ಬಾಟಲಿಯಲ್ಲಿ ಸೇರಿದ ಗಾಳಿಗೆ ಘಮ ಮೆಲ್ಲಗೆ ಸಪ್ಪೆಯಾಗುತ್ತದೆ; ಚಿಕ್ಕ ಬಾಟಲಿಗೆ ಅಂಚಿನವರೆಗೆ ತುಂಬಿ, ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದ ಕಪಾಟಿನಲ್ಲಿಡಿ.